ಅಂಜೂರದ ಕಡ್ಡಿಯ ವಂಶಚರಿತ್ರೆ

ರಾಜರ ವಂಶಾವಳಿಗಳನ್ನು ಶಿಲಾಶಾಸನಗಳಿಂದಲೂ ತಾಮ್ರಪಟಗಳಿಂದಲೂ ಓಲೆಯ ಕಟ್ಟುಗಳಿಂದಲೂ ಆರಿಸಿ ಕ್ರಮಪಡಿಸುವುದರಲ್ಲಿ ನಮ್ಮ ವಿದ್ವಾಂಸರು ಅಪಾರವಾದ ಪರಿಶ್ರಮವನ್ನು ಪಟ್ಟಿರುವರು. ಯಾರ ತರುವಾಯ ಯಾರು ಪಟ್ಟವೇರಿದರು, ಯಾವ ಕಾಳಗದಲ್ಲಿ ಯಾರು ಗೆದ್ದರು ಎಂಬುದು ಅದರಿಂದ ನಮಗೆ ಮಟ್ಟಿಗೆ ತಿಳಿದಿದೆ. ಆದರೆ ಆ ಅರಸರೂ ಅವರ ಪ್ರಜೆಗಳೂ ತಿಂದ ಹಣ್ಣುಗಳ ವಂಶಾವಳಿಯನ್ನು ಕೇಳುವವರು ವಿರಳ. ಅರಸುಮನೆತನಗಳು ಹುಟ್ಟಿ ಅಳಿದುವು. ಅವರ ತೋಟದ ಹಣ್ಣಿನ ಗಿಡವೋ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಂದು ಗೇಣುದ್ದದ ಕಡ್ಡಿಯಾಗಿ ದಾಟುತ್ತ, ಇಂದಿಗೂ ಯಾರದೋ ಹಿತ್ತಲಿನಲ್ಲಿ ಚಿಗುರುತ್ತಲಿದೆ. ಅಂತಹ ಒಂದು ಕಡ್ಡಿಯ ಚರಿತ್ರೆಯನ್ನು, ಎಂದರೆ ಅಂಜೂರದ ರೆಂಬೆಯನ್ನು ಕತ್ತರಿಸಿ ಬೇರು ಬರಿಸುವ ವಿದ್ಯೆಯ ಚರಿತ್ರೆಯನ್ನು, ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ವಿಷಯವು ಅಲ್ಪವೆಂದು ತೋರಬಹುದು. ಆದರೆ ಮನುಷ್ಯನು ವ್ಯವಸಾಯವನ್ನು ಮೊದಲು ಬೀಜದಿಂದ ಕಲಿತನೋ ಕೊಂಬೆಯಿಂದ ಕಲಿತನೋ ಎಂಬ ದೊಡ್ಡ ಪ್ರಶ್ನೆಯು ಈ ಸಣ್ಣ ಕಡ್ಡಿಯ ತುದಿಯಲ್ಲಿ ತೂಗುತ್ತಿದೆ. ಅಲ್ಲದೆ ಒಂದು ಜಾತಿಯ ಹಣ್ಣು ಉಳಿಯುವುದು ಅಳಿಯುವುದು ಗೃಹಸ್ಥರ ಮನಸ್ಸಿನ ಮೇಲೆ ಎಷ್ಟರಮಟ್ಟಿಗೆ ನಿಂತಿದೆಯೆಂಬುದಕ್ಕೂ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು.

೧. ಹೆಸರಿನ ವಿಚಾರ

ಮೊದಲು ಒಂದು ಭ್ರಾಂತಿಯನ್ನು ನಿವಾರಿಸಬೇಕಾಗಿದೆ. ನಮ್ಮ ವೇದಗಳಲ್ಲಿಯೂ ಶ್ರೌತಸೂತ್ರಗಳಲ್ಲಿಯೂ ಮತ್ತೆ ಮತ್ತೆ ಬರುವ ಉದುಂಬರವೃಕ್ಷವನ್ನು ಪಾಶ್ಚಾತ್ಯ ಭಾಷಾಂತರಕಾರರು ತಮ್ಮ ಭಾಷೆಯಲ್ಲಿ ಅಂಜೂರಕ್ಕೆ ಇರುವ ಶಬ್ದದಿಂದಲೇ ಕರೆದಿರುವರು. ಆ ಭಾಷಾಂತರಗಳನ್ನು ಓದಿದ ನಮ್ಮವರಲ್ಲಿ ಕೆಲವರು, ಅಂಜೂರವು ವೇದಕಾಲದಿಂದಲೂ ನಮ್ಮಲ್ಲಿತ್ತೆಂದು ವಾದಿಸುವುದುಂಟು. ಇದು ಸರಿಯಲ್ಲ. ಉದುಂಬರವೆಂದರೆ ನಮ್ಮ ಅತ್ತಿ. ಯಜ್ಞದಲ್ಲಿ ಸಮಿತ್ತಿಗೂ ಯೂಪಕ್ಕೂ ಸಲ್ಲುವುದು, ಐತರೇಯ ಬ್ರಾಹ್ಮಣದಲ್ಲಿ ರಾಜನ ಅಭಿಷೇಕದ ಆಸಂದಿಗೆ ವಿಹಿತವಾಗಿರುವುದು, ದತ್ತಾತ್ರೇಯ ಕ್ಷೇತ್ರಗಳಲ್ಲಿ ಪೂಜೆಗೊಳ್ಳುವುದು, ಎಲ್ಲವೂ ಈ ಅತ್ತಿಯ ಮರವೇ. ಅತ್ತಿಯೂ ಅಂಜೂರವೂ ಆಲ, ಅರಳಿ, ಬಸರಿಗಳೊಡನೆ ಒಂದೇ ಕುಲಕ್ಕೆ ಸೇರಿದುವು. ದಾಯಾದಿಗಳೆಂದು ಬೇಕಾದರೆ ಹೇಳಬಹುದು. ಆದರೆ ಅಂಜೂರದ ತವರು ಪಶ್ಚಿಮ ಏಷ್ಯಾಖಂಡವೂ ಮಧ್ಯಧರಣೀ ಸಮುದ್ರದ ತೀರಪ್ರದೇಶಗಳೂ ಆಗಿವೆ. ಅದು ನಮ್ಮಲ್ಲಿಗೆ ಯಾವ ದಿಕ್ಕಿನಿಂದ ಬಂದಿತೆಂಬುದಕ್ಕೆ ಹೆಸರೇ ಸಾಕ್ಷಿ: ಪಾರಸೀಕ ಭಾಷೆಯ ‘ಅಂಜೀರ್’ ಎಂಬುದೇ ಕನ್ನಡದಲ್ಲಿ ಅಂಜೂರವಾಯಿತು.

ಪಶ್ಚಿಮದ ಮೂರು ಮತಗಳ ಗ್ರಂಥಗಳಲ್ಲಿಯೂ ಈ ಮರಕ್ಕೆ ಗೌರವಸ್ಥಾನವಿದೆ. ಯೆಹೂದ್ಯರ ಗ್ರಂಥದಲ್ಲಿ ಆದಿಮ ದಂಪತಿಗಳು ಹೊಲಿದು ಉಟ್ಟುಕೊಂಡುದು ಅಂಜೂರದ ಎಲೆಗಳನ್ನೇ. ಕುರಾನಿನ ೯೫ನೆಯ ಅಧ್ಯಾಯಕ್ಕೆ ಅಂಜೂರದ ಹೆಸರೇ ಇದೆ. ಕನ್ನಡ ಬೈಬಲ್ಲನ್ನು ಭಾಷಾಂತರಿಸಿದವರು ‘ಅತ್ತಿ’ ಎಂದು ಬರೆಯದೆ ‘ಅಂಜೂರ’ವೆಂದೇ ಬರೆದುದು ಅವರ ವಿವೇಕವನ್ನು ತೋರಿಸುತ್ತದೆ.

೨. ಹೂವಿಲ್ಲದ ಹಣ್ಣು

ಮನುಸ್ಮೃತಿಯ ಪ್ರಥಮಾಧ್ಯಾಯದಲ್ಲಿ ಸ್ಥಾವರಗಳ ವಿಭಾಗವನ್ನು ಹೇಳುವಾಗ, ಹೂವಿಲ್ಲದೆಯೇ ಫಲಿಸುವ ಮರಗಳಿಗೆ ವನಸ್ಪತಿಗಳೆಂಬ ಸಂಜ್ಞೆಯನ್ನು ಕೊಟ್ಟಿದೆ. ಅದೇ ಸಂದರ್ಭದಲ್ಲಿ ಸಸ್ಯಗಳು ಕೆಲವು ಬೀಜದಿಂದಲೂ ಕೆಲವು ಕಾಂಡದಿಂದಲೂ ಹುಟ್ಟತಕ್ಕವೆಂದು ಉಕ್ತವಾಗಿದೆ. ಈ ಎರಡು ಮಾತುಗಳೂ ನಮ್ಮ ವಿಷಯಕ್ಕೆ ಅತ್ಯಂತ ಪ್ರಕೃತವಾಗಿವೆ. ಅತ್ತಿಯಲ್ಲಿಯಾಗಲಿ ಅಂಜೂರದಲ್ಲಿಯಾಗಲಿ ಹೂವು ಇಲ್ಲದಿಲ್ಲ. ಅದು ಒಳಗಡೆ ಅಡಗಿದೆ. ನಾವು ಹಣ್ಣೆಂದು ಕರೆಯುವುದು ಒಂದು ತಿರುಳಿನ ಚೀಲ. ಅದರ ಒಳಗೋಡೆಗೆ ನೂರಾರು ಸೂಕ್ಷ್ಮವಾದ ಹೂಗಳು ಅಂಟಿಕೊಂಡಿರುತ್ತವೆ. ಚೀಲದ ತುದಿಯಲ್ಲಿ ಸೂಜಿಯ ಮೊನೆಯಷ್ಟು ಬಾಯಿ. ಆ ಬಾಯಿಂದ ಒಳಹೊಕ್ಕು ಪರಾಗವನ್ನು ಮುಟ್ಟಿಸುವುದು ಕಣಜದ ಜಾತಿಗೆ ಸೇರಿದ ಒಂದು ಅತಿ ಚಿಕ್ಕ ಕೀಟ. ಅತ್ತಿಯ ಹಣ್ಣನ್ನು ಬಿಡಿಸಿದರೆ ಹುಳುವೆಂದು ನಾವು ಮುಖ ಸಿಂಡರಿಸುವೆವಲ್ಲ, ಆ ಹುಳುವಿನ ಉಪಕಾರವಿಲ್ಲದೆ ಅತ್ತಿಯ ವಂಶವೇ ನಿಲ್ಲದು.

ಅಂಜೂರದಲ್ಲಿ ಗಂಡುಮರ ಹೆಣ್ಣುಮರಗಳೆಂಬ ಭೇದವುಂಟು. ಗಂಡುಮರದ ಕಾಯಿ ತಿನ್ನಲು ಬಾರದು. ಕೀಟವು ಮೊಟ್ಟೆಯಿಟ್ಟು ಬೆಳೆಯುವುದು ಅದರಲ್ಲಿಯೇ. ಅಲ್ಲಿಂದ ಹೊರಟ ಹೆಣ್ಣುಕೀಟವು ಪರಾಗವನ್ನು ಮೈಗೆ ಬಳಿದುಕೊಂಡು ಹೆಣ್ಣುಮರದ ಕಾಯನ್ನು ಹೊಕ್ಕರೆ, ಅಲ್ಲಿ ಮೊಟ್ಟೆಯಿಡಲಾರದೆ ಸಾಯುತ್ತದೆ. ಕಾಯಿ ಮಾತ್ರ ಬೀಜಗಟ್ಟಿ ಹಣ್ಣಾಗುತ್ತದೆ. ಈ ಗುಟ್ಟನ್ನು ಪೂರ್ತಿಯಾಗಿ ತಿಳಿಯದಿದ್ದರೂ ಪ್ರಾಚೀನ ಗ್ರೀಕರು ಕಾಡು ಅಂಜೂರದ ಕಾಯಿಗಳನ್ನು ದಾರಕ್ಕೆ ಪೋಣಿಸಿ ತೋಟದ ಮರಗಳಿಗೆ ತೂಗಹಾಕುತ್ತಿದ್ದರು. ಹೆರೊಡೋಟಸನೂ ಥಿಯೊಫ್ರಾಸ್ಟಸನೂ ಈ ಪದ್ಧತಿಯನ್ನು ವರ್ಣಿಸಿರುವರು.

ಆದರೆ ಹೆಣ್ಣುಮರಗಳಲ್ಲಿ ಇನ್ನೊಂದು ಬಗೆಯುಂಟು. ಅವಕ್ಕೆ ಕೀಟದ ಹಂಗಿಲ್ಲ. ಪರಾಗವು ಸೋಕದಿದ್ದರೂ ಕಾಯಿ ತಾನಾಗಿಯೇ ಹಣ್ಣಾಗುತ್ತದೆ. ಪುಣೆಯ ಕಡೆಯಲ್ಲಿಯೂ ನಮ್ಮ ಬಳ್ಳಾರಿಯ ಸೀಮೆಯಲ್ಲಿಯೂ ಬೆಳೆಯುವುದು ಈ ಬಗೆಯೇ. ಆ ಕೀಟವಿಲ್ಲದ ನಮ್ಮ ದಕ್ಷಿಣದೇಶದಲ್ಲಿ ಇಂತಹ ಹಣ್ಣಿನೊಳಗೆ ಬೀಜವೆಂದು ಹಲ್ಲಿಗೆ ಸಿಕ್ಕುವುದು ಬರಿಯ ಟೊಳ್ಳು; ಅದರೊಳಗೆ ಅಂಕುರವಿಲ್ಲ. ಅದನ್ನು ಬಿತ್ತಿದರೆ ಮೊಳೆಯುವುದಿಲ್ಲ. ಕೀಟವಿರುವ ದೇಶಗಳಲ್ಲಿ ಬೀಜವು ಮೊಳೆಯಬಹುದಾದರೂ, ಹುಟ್ಟುವ ಸಸಿಗಳಲ್ಲಿ ಸುಮಾರು ಅರ್ಧದಷ್ಟು ನಿರುಪಯೋಗಿಗಳಾದ ಗಂಡುಗಳು; ಉಳಿದ ಅರ್ಧವೂ ತಾಯಿಯ ಗುಣವನ್ನು ಹೋಲುವುದು ಅಪರೂಪ. ಆದುದರಿಂದ ಒಳ್ಳೆಯ ಅಂಜೂರವನ್ನು ಉಳಿಸಿಕೊಳ್ಳಬೇಕಾದರೆ ಅದರ ರೆಂಬೆಯನ್ನೇ ಕತ್ತರಿಸಿ ಬೇರು ಬರಿಸಬೇಕು. ಮನುವು ಹೇಳಿದ ಎರಡು ಮಾರ್ಗಗಳಲ್ಲಿ ಅಂಜೂರಕ್ಕೆ ಬೀಜಮಾರ್ಗವು ಬಹುಮಟ್ಟಿಗೆ ಮುಚ್ಚಿದೆ, ಕಾಂಡಮಾರ್ಗವೊಂದೇ ತೆರೆದಿದೆ.

೩. ಗಿಲ್ಗಾಲಿನ ಸುಟ್ಟ ಹಣ್ಣುಗಳು

ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ೨೦೦೬ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ವಿದ್ವತ್ಪ್ರಪಂಚದಲ್ಲಿ ಅಷ್ಟು ಕೋಲಾಹಲವನ್ನೆಬ್ಬಿಸಿದುದೇಕೆ ಎಂಬುದು ತಿಳಿಯುತ್ತದೆ. ಜೋರ್ಡಾನ್ ನದಿಯ ಕಣಿವೆಯಲ್ಲಿ, ಜೆರಿಕೋ ಪಟ್ಟಣಕ್ಕೆ ಉತ್ತರದಲ್ಲಿ, ಗಿಲ್ಗಾಲ್ ಎಂಬ ಅತಿ ಪ್ರಾಚೀನವಾದ ಒಂದು ಹಳ್ಳಿಯ ಅವಶೇಷಗಳಿವೆ. ಅಲ್ಲಿಯ ಉತ್ಖನನದಲ್ಲಿ ಬೆಂಕಿಯಿಂದ ಕರಿದಾಗಿ, ಅದರಿಂದಲೇ ಕೊಳೆಯದೆ ಉಳಿದುಕೊಂಡ ೯ ಅಂಜೂರದ ಹಣ್ಣುಗಳೂ, ಬಿಡಿಯಾದ ೩೦೦ಕ್ಕೂ ಮೇಲ್ಪಟ್ಟ ಬೀಜಕಣಗಳೂ ದೊರೆತಿದ್ದುವು. ಅವುಗಳ ಕಾಲವು ಇಂದಿಗೆ ಸುಮಾರು ೧೧,೪೦೦ ವರ್ಷಗಳಿಂದ ೧೧,೨೦೦ ವರ್ಷಗಳ ಹಿಂದೆ ಎಂದು ನಿರ್ಣಯಿಸಲ್ಪಟ್ಟಿತು. ಕಿಸ್ಲೇವ್, ಹಾರ್ಟ್‌ಮನ್, ಬಾರ್-ಯೋಸೆಫ್ ಎಂಬ ಮೂವರು ವಿದ್ವಾಂಸರು ಅವನ್ನು ಪರೀಕ್ಷಿಸಿ, ಬೀಜಗಳೊಳಗೆ ಅಂಕುರವಿಲ್ಲದುದನ್ನು ಕಂಡು, ಇವು ಪರಾಗವಿಲ್ಲದೆ ಹಣ್ಣಾಗುವ ಬಗೆಗೆ ಸೇರಿದುವೆಂದು ಹೇಳಿದರು. ಅಂಕುರವಿಲ್ಲದ ಮೇಲೆ ಬೀಜದಿಂದ ಸಂತಾನವಿಲ್ಲ. ಸಂತಾನವಿಲ್ಲದ ಹಣ್ಣು ಅಷ್ಟು ಸಂಖ್ಯೆಯಲ್ಲಿ ದೊರೆತಿದೆಯೆಂದರೆ, ಯಾರೋ ಅದರ ರೆಂಬೆಗಳನ್ನು ಕಡಿದು ನೆಟ್ಟಿರಬೇಕು. ಎಂದಮೇಲೆ ಗೋದಿ ಬಾರ್ಲಿಗಳನ್ನು ಪಳಗಿಸುವುದಕ್ಕೂ ಸುಮಾರು ಒಂದು ಸಾವಿರ ವರ್ಷಗಳ ಮೊದಲೇ ಮನುಷ್ಯನು ಅಂಜೂರದ ಕಡ್ಡಿಯನ್ನು ನೆಡುವುದನ್ನು ಕಲಿತಿದ್ದನು. ಇದು ಅವರ ಅನುಮಾನಸರಣಿ.

ನ್ಯಾಯಶಾಸ್ತ್ರದಲ್ಲಿ ಹೇತುವು ಸಾಧ್ಯವನ್ನು ಬಿಟ್ಟು ಬೇರೆಡೆಯಲ್ಲಿಯೂ ಇರುವುದಾದರೆ ಅದಕ್ಕೆ ಸವ್ಯಭಿಚಾರವೆಂದು ಹೆಸರು. ಮೇಲ್ಕಂಡ ಅನುಮಾನಕ್ಕೆ ಇತರ ವಿದ್ವಾಂಸರು ಒಡ್ಡಿದ ಆಕ್ಷೇಪವೂ ಸರಿಯಾಗಿ ಇದೇ. ಕಾಡಿನ ಹೆಣ್ಣುಮರಗಳಲ್ಲಿಯೂ ಅಪೂರ್ವವಾಗಿ ಪರಾಗವಿಲ್ಲದೆ ಹಣ್ಣಾಗುವ ಮರಗಳು ಹುಟ್ಟುತ್ತವೆ. ಅಂತಹ ಮರದ ಹಣ್ಣುಗಳನ್ನು ಜನರು ಸುಮ್ಮನೆ ಕೊಯ್ದು ತಂದಿರಬಾರದೇಕೆ? ಅಂಕುರವಿಲ್ಲದ ಬೀಜದಿಂದ ಕೃಷಿಯು ಸಿದ್ಧವಾಗುವುದಿಲ್ಲವೆಂಬುದು ಅವರ ವಾದ. ಈ ವಿವಾದವು ಇನ್ನೂ ಪೂರ್ಣವಾಗಿ ತೀರ್ಮಾನವಾಗಿಲ್ಲ. ಆದರೂ ಒಂದು ಮಾತನ್ನು ಧಾರಾಳವಾಗಿ ಹೇಳಬಹುದು. ಧಾನ್ಯವನ್ನು ಬೆಳೆಯಬೇಕಾದರೆ ಉಳಬೇಕು, ಬಿತ್ತಬೇಕು, ಹಕ್ಕಿಗಳನ್ನು ಕಾಯಬೇಕು, ಮುಂದಿನ ವರ್ಷಕ್ಕೆ ಬೀಜವನ್ನು ಉಳಿಸಬೇಕು. ಅಂಜೂರಕ್ಕಾದರೋ ಒಂದು ಕೊಂಬೆಯನ್ನು ಮುರಿದು ತೇವವಾದ ನೆಲಕ್ಕೆ ಚುಚ್ಚಿದರೆ ಸಾಕು. ವ್ಯವಸಾಯದ ಮೊದಲನೆಯ ಪಾಠವು ಬಳಪಕ್ಕಿಂತ ದಪ್ಪವಲ್ಲದ ಒಂದು ಕಡ್ಡಿಯಿಂದ ಆಗಿರಬಹುದೆಂಬುದರಲ್ಲಿ ಅಸಂಭವವೇನೂ ಇಲ್ಲ.

೪. ಗ್ರೀಕರೂ ರೋಮನರೂ

ಲಿಖಿತ ಪ್ರಮಾಣಗಳ ಕಾಲಕ್ಕೆ ಬಂದರೆ, ಅರಿಸ್ಟಾಟಲನ ಶಿಷ್ಯನೂ ಉತ್ತರಾಧಿಕಾರಿಯೂ ಆದ ಥಿಯೊಫ್ರಾಸ್ಟಸನನ್ನು ಮೊದಲು ಸ್ಮರಿಸಬೇಕು. ಕ್ರಿ. ಪೂ. ೪-೩ನೆಯ ಶತಮಾನಗಳಲ್ಲಿದ್ದ ಈತನ ಸಸ್ಯಗ್ರಂಥದಲ್ಲಿ ಗಿಡಗಳನ್ನು ಬೇರಿನಿಂದ, ಕೊಂಬೆಯಿಂದ, ಸಿಗಿದ ತುಂಡಿನಿಂದ, ಬೀಜದಿಂದ ಬೆಳೆಯಿಸುವ ಕ್ರಮಗಳೆಲ್ಲವೂ ಎಣಿಸಲ್ಪಟ್ಟಿವೆ. ಅಂಜೂರದ ಬೀಜದಿಂದ ತೋಟದ ಜಾತಿಯು ಹುಟ್ಟುವುದೇ ಇಲ್ಲ, ಹುಟ್ಟುವುದು ಕಾಡುಜಾತಿಯೇ ಎಂದು ಆತನು ಸ್ಪಷ್ಟವಾಗಿ ಹೇಳಿರುವನು. ಇನ್ನೊಂದು ಸ್ವಾರಸ್ಯವಾದ ಸಂಗತಿಯೂ ಅಲ್ಲಿದೆ: ಅಂಜೂರದ ಕಡ್ಡಿಯನ್ನು ಕಾಡುಈರುಳ್ಳಿಯ ಜಾತಿಯ ಗೆಡ್ಡೆಯೊಂದರಲ್ಲಿ ಚುಚ್ಚಿ ನೆಟ್ಟರೆ ಬೇಗನೆ ಬೆಳೆಯುತ್ತದೆ, ಹುಳುವಿನ ಬಾಧೆಯೂ ಕಡಮೆ ಎಂದು. ಇದನ್ನು ಮೂಢನಂಬಿಕೆಯೆಂದು ತಳ್ಳಿಬಿಡುವುದು ಸುಲಭ. ಆದರೆ ಆ ಗೆಡ್ಡೆಯು ತೇವವನ್ನು ಬಹುಕಾಲ ಹಿಡಿದಿಡುತ್ತದೆ. ಅದರ ರಸವು ಕಟುವಾದುದರಿಂದ ಇಲಿಹುಳುಗಳು ಅದನ್ನು ಮುಟ್ಟುವುದಿಲ್ಲ. ಕಡ್ಡಿಗೆ ಬೇಕಾದುದೂ ಈ ಎರಡೇ: ಒಣಗದಿರುವುದು ಮತ್ತು ಕೊಳೆಯದಿರುವುದು.

ರೋಮನರಲ್ಲಿ ಹಿರಿಯ ಕೇಟೋ ಎಂಬವನ ಹೆಸರು ಅಂಜೂರದೊಡನೆ ಶಾಶ್ವತವಾಗಿ ಸೇರಿಕೊಂಡಿದೆ. ಕಾರ್ಥೇಜ್ ನಗರವನ್ನು ನಿರ್ಮೂಲಮಾಡಬೇಕೆಂದು ಆತನು ಹಟ ಹಿಡಿದಿದ್ದನು. ಒಂದು ದಿನ ಸೆನೇಟ್ ಸಭೆಗೆ ಒಂದು ಹಸನಾದ ಅಂಜೂರವನ್ನು ತಂದು ತೋರಿಸಿ, ಇದನ್ನು ಕಾರ್ಥೇಜಿನಲ್ಲಿ ಕೊಯ್ದು ಮೂರು ದಿನಗಳೂ ಕಳೆದಿಲ್ಲ, ಶತ್ರುವು ನಮಗೆ ಅಷ್ಟು ಸಮೀಪದಲ್ಲಿರುವನು ಎಂದು ಹೇಳಿದನೆಂದು ಪ್ಲಿನಿಯು ಬರೆದಿರುವನು. ಕ್ರಿ. ಪೂ. ೧೪೯ರಲ್ಲಿ ಯುದ್ಧವು ಆರಂಭವಾಯಿತು. ೧೪೬ರಲ್ಲಿ ಕಾರ್ಥೇಜ್ ನೆಲಸಮವಾಯಿತು. ಒಂದು ಹಣ್ಣನ್ನು ಕೈಯಲ್ಲಿ ಹಿಡಿದು ಒಂದು ನಗರದ ನಾಶವನ್ನು ಬೇಡಿದ ಇದೇ ಮನುಷ್ಯನು ತನ್ನ ಕೃಷಿಗ್ರಂಥದಲ್ಲಿ ಮರಗಳ ಸಂತಾನವನ್ನು ಬೆಳೆಸುವ ಕ್ರಮವನ್ನು ಬಹು ಅಕ್ಕರೆಯಿಂದ ಬರೆದಿರುವನು. ತಳದಲ್ಲಿ ತೂತುಮಾಡಿದ ಕುಂಡವನ್ನಾಗಲಿ ಬುಟ್ಟಿಯನ್ನಾಗಲಿ ತೆಗೆದುಕೊಂಡು, ಮರದಲ್ಲಿರುವ ಕೊಂಬೆಯನ್ನು ಆ ತೂತಿನ ಮೂಲಕ ಏರಿಸಿ, ಮಣ್ಣು ತುಂಬಿ ಒತ್ತಿ, ಮರದ ಮೇಲೆಯೇ ಬಿಡಬೇಕು. ಬೇರು ಬಂದಮೇಲೆ ಕೆಳಗಡೆ ಕತ್ತರಿಸಿ ಕುಂಡದೊಡನೆಯೇ ನೆಡಬೇಕು. ನಮ್ಮ ತೋಟಗಾರರು ಗೂಟಿ ಕಟ್ಟುವುದೆಂದು ಹೇಳುವ ಕ್ರಮಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಕ್ರಿ. ಪೂ. ೩೭ರಲ್ಲಿ, ತನ್ನ ಎಂಬತ್ತನೆಯ ವಯಸ್ಸಿನಲ್ಲಿ, ವ್ಯವಸಾಯವನ್ನು ಕುರಿತು ಬರೆದ ವರೋ ಎಂಬ ಪಂಡಿತನು ಬೇರೊಂದು ವಿಷಯವನ್ನು ತಿಳಿಸಿರುವನು. ಸಮುದ್ರದಾಚೆಯಿಂದ ಅಂಜೂರದ ಜಾತಿಗಳನ್ನು ತರಿಸಬೇಕಾದರೆ, ಮಾಗಿದ ಹಣ್ಣುಗಳನ್ನು ದಾರದಲ್ಲಿ ಪೋಣಿಸಿ ಒಣಗಿಸಿ ಕಟ್ಟುಕಟ್ಟಾಗಿ ಕಳುಹಿಸುತ್ತಿದ್ದರಂತೆ. ಇಲ್ಲಿ ಅವನ್ನು ಒಟ್ಟಲುಪಾತಿಯಲ್ಲಿ ಹೂಳುತ್ತಿದ್ದರಂತೆ. ಕಿಯೋಸ್ ದ್ವೀಪದ, ಲಿಡಿಯದ, ಆಫ್ರಿಕದ ಅಂಜೂರಗಳು ಇಟಲಿಗೆ ಬಂದುದು ಹೀಗೆಯೇ ಎನ್ನುತ್ತಾನೆ. ಆದರೆ ಬೀಜವು ನಿಧಾನವಾದುದರಿಂದ, ಸಮೀಪದಲ್ಲಿ ದೊರೆಯುವುದಾದರೆ ಕಡ್ಡಿಯೇ ಮೇಲೆಂಬುದು ಆತನ ಅಭಿಪ್ರಾಯ. ಇಲ್ಲಿ ಥಿಯೊಫ್ರಾಸ್ಟಸನಿಗೂ ವರೋವಿಗೂ ಇರುವ ಭೇದವು ಗಮನಾರ್ಹವಾಗಿದೆ. ಒಬ್ಬನು ಬೀಜದಿಂದ ಜಾತಿಯೇ ಕೆಡುವುದೆನ್ನುತ್ತಾನೆ; ಇನ್ನೊಬ್ಬನು ಕಾಲವಿಳಂಬವನ್ನಷ್ಟೇ ದೋಷವೆನ್ನುತ್ತಾನೆ. ಈಚಿನ ವಿಜ್ಞಾನವು ಗ್ರೀಕನ ಪಕ್ಷವನ್ನೇ ಸಮರ್ಥಿಸಿದೆ.

೫. ನಮ್ಮ ವೃಕ್ಷಾಯುರ್ವೇದ

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ಕಡ್ಡಿಯಿಂದ ಗಿಡವನ್ನು ಬೆಳೆಸುವ ವಿದ್ಯೆಯು ನಮ್ಮಲ್ಲಿ ಅಂಜೂರಕ್ಕಾಗಿ ಹುಟ್ಟಿದುದಲ್ಲವಾದರೂ ಬಹು ಪ್ರಾಚೀನವಾದುದು. ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸೀತಾಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ, ಕಬ್ಬಿನಂತೆ ಕಾಂಡವೇ ಬೀಜವಾಗಿರುವ ಸಸ್ಯಗಳ ಕತ್ತರಿಸಿದ ಬಾಯಿಗೆ ಜೇನು, ತುಪ್ಪ, ಹಂದಿಯ ಕೊಬ್ಬು, ಸಗಣಿ ಇವುಗಳ ಲೇಪವನ್ನು ವಿಧಿಸಿರುವನು. ಕ್ರಿ. ಶ. ೬ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. ಕಾಂಡದಿಂದ ನೆಡತಕ್ಕವು ಇಂತಿಂತಹವೆಂದು ಹೇಳುತ್ತ, ಹಲಸು, ಅಶೋಕ, ಬಾಳೆ, ನೇರಿಲು, ದಾಳಿಂಬೆ, ದ್ರಾಕ್ಷಿ, ಮಾದಳ ಮೊದಲಾದುವನ್ನು ಎಣಿಸಿ, ಅವುಗಳ ತುಂಡುಗಳಿಗೆ ಸಗಣಿಯನ್ನು ಬಳಿದು ನೆಡಬೇಕೆಂದು ಆತನು ವಿಧಿಸುತ್ತಾನೆ. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬೇಕಾದ ಗಿಡಕ್ಕೆ ತುಪ್ಪ, ಲಾವಂಚ, ಎಳ್ಳು, ಜೇನು, ವಾಯುವಿಳಂಗ, ಹಾಲು, ಸಗಣಿ ಇವುಗಳನ್ನು ಬುಡದಿಂದ ಕಾಂಡದವರೆಗೆ ಲೇಪಿಸಬೇಕೆಂದೂ ಹೇಳಿರುವನು.

ಈ ಪಟ್ಟಿಯಲ್ಲಿ ಅಂಜೂರದ ಹೆಸರಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಇಲ್ಲದುದನ್ನು ಇದೆಯೆಂದು ಸಾಧಿಸಹೊರಡುವುದು ಪೂರ್ವಿಕರಿಗೆ ತೋರಿಸುವ ಗೌರವವಲ್ಲ. ಪಾರಸೀಕ ದೇಶದ ಕಡೆಯಿಂದ ಈ ಹೊಸ ಮರದ ಕಡ್ಡಿಯು ಬಂದಾಗ, ಅದನ್ನು ಏನು ಮಾಡಬೇಕೆಂದು ತಿಳಿದ ಕೈಗಳು ಇಲ್ಲಿ ಸಿದ್ಧವಾಗಿದ್ದುವು. ದಾಳಿಂಬೆಗೂ ದ್ರಾಕ್ಷಿಗೂ ಮಾಡುತ್ತಿದ್ದುದನ್ನೇ ಅದಕ್ಕೂ ಮಾಡಿದರೆ ಸಾಕಾಗಿತ್ತು. ನಮ್ಮ ಪೂರ್ವಿಕರ ಹಿರಿಮೆಯು ಇಷ್ಟರಲ್ಲಿಯೇ ಸಾಕಷ್ಟಿದೆ. ಕನ್ನಡಿಗರಿಗೆ ಇನ್ನೂ ಒಂದು ಹೆಮ್ಮೆಯ ವಿಷಯವುಂಟು. ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು ಕ್ರಿ. ಶ. ೧೦೨೫ರಲ್ಲಿ, ಚಾವುಂಡರಾಯನು ರಚಿಸಿದ ಲೋಕೋಪಕಾರವೆಂಬ ಗ್ರಂಥದಲ್ಲಿ ವೃಕ್ಷಾಯುರ್ವೇದವನ್ನು ಕನ್ನಡದಲ್ಲಿಯೇ ನಿರೂಪಿಸಿದೆ. ಪಂಡಿತರ ಭಾಷೆಯಲ್ಲಿದ್ದ ತೋಟದ ವಿದ್ಯೆಯನ್ನು ತೋಟದಲ್ಲಿ ದುಡಿಯುವವರ ಭಾಷೆಗೆ ತಂದ ಆತನ ಗ್ರಂಥನಾಮವು ಅನ್ವರ್ಥವಾಗಿದೆ.

ಲೇಪದ ವಿಷಯದಲ್ಲಿ ಎರಡು ಮಾತು. ಕತ್ತರಿಸಿದ ಬಾಯಿಂದ ರಸವು ಆರುವುದನ್ನು ತುಪ್ಪಕೊಬ್ಬುಗಳು ತಡೆಯುತ್ತವೆ. ಜೇನು ಬೂಷ್ಟು ಕಟ್ಟದಂತೆ ಕಾಯುತ್ತದೆ. ಪಾಶ್ಚಾತ್ಯ ತೋಟಗಾರರು ಇಂದು ಕಡ್ಡಿಯ ಮೇಲುತುದಿಗೆ ಮೇಣವನ್ನು ಬಳಿಯುವುದೂ ಇದೇ ಪ್ರಯೋಜನಕ್ಕಾಗಿ.

೬. ಕಡ್ಡಿಯ ದೇಶಾಟನ

ಕಡ್ಡಿಗೆ ಸಾಗಣೆಯಲ್ಲಿರುವ ಅನುಕೂಲವು ಬೇರುಗಿಡಕ್ಕಿಲ್ಲ. ಎಲೆಯುದುರಿ ನಿದ್ರಿಸುತ್ತಿರುವ ಅಂಜೂರದ ರೆಂಬೆಯನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ತಂಪಾದ ಎಡೆಯಲ್ಲಿಟ್ಟರೆ ವಾರಗಟ್ಟಲೆ ಜೀವವನ್ನು ಹಿಡಿದುಕೊಂಡಿರುತ್ತದೆ. ಆದುದರಿಂದಲೇ ಯಾತ್ರಿಕರೂ ಪಾದ್ರಿಗಳೂ ವರ್ತಕರೂ ಇದನ್ನು ದೂರದೇಶಗಳಿಗೆ ಒಯ್ದರು. ಹದಿನೇಳನೆಯ ಶತಮಾನದಲ್ಲಿ ಆಕ್ಸ್‌ಫರ್ಡ್ ವಿದ್ಯಾಪೀಠದಲ್ಲಿ ಅರಬ್ಬೀ ಭಾಷೆಯ ಪ್ರಾಧ್ಯಾಪಕನಾಗಿದ್ದ ಎಡ್ವರ್ಡ್ ಪೋಕಾಕನು ಸಿರಿಯ ದೇಶದ ಅಲೆಪ್ಪೋದಿಂದ ತಂದು ನೆಟ್ಟನೆಂದು ಹೇಳುವ ಅಂಜೂರದ ಮರವು ಅಲ್ಲಿಯ ಕ್ರೈಸ್ಟ್ ಚರ್ಚ್ ಕಾಲೇಜಿನ ತೋಟದಲ್ಲಿ ಈಗಲೂ ಪ್ರಸಿದ್ಧವಾಗಿದೆ. ಭಾಷೆಯನ್ನು ಕಲಿಯಲು ಹೋದ ಪಂಡಿತನು ಬರುವಾಗ ಹಸ್ತಪ್ರತಿಗಳೊಡನೆ ಒಂದು ಗಿಡವನ್ನೂ ತಂದನೆಂದರೆ ವಿದ್ಯಾವಂತನ ಲಕ್ಷಣವೇ ಅದು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಡೆದ ವೃತ್ತಾಂತವು ಇನ್ನೂ ಬೋಧಪ್ರದವಾಗಿದೆ. ಅಲ್ಲಿಗೆ ಅಂಜೂರವು ಸ್ಪೇನ್ ದೇಶದ ಸಂನ್ಯಾಸಿಗಳ ಮೂಲಕ ಬಂದಿತು. ೧೭೬೯ರಲ್ಲಿ ಸ್ಥಾಪಿತವಾದ ಸ್ಯಾನ್ ಡಿಯಾಗೋ ಮಠದ ಕಾಲದಿಂದ ಅಲ್ಲಿ ಬೆಳೆದ ಕಪ್ಪು ಅಂಜೂರಕ್ಕೆ ಮಠದ ಹೆಸರೇ ನಿಂತಿದೆ. ಅದು ಕೀಟದ ಹಂಗಿಲ್ಲದ ಬಗೆ. ಆದರೆ ಒಣಹಣ್ಣಿನ ವ್ಯಾಪಾರದಲ್ಲಿ ತುರ್ಕಿಯ ಸ್ಮಿರ್ನ ಪಟ್ಟಣದ ಅಂಜೂರಕ್ಕೆ ಸಮಾನವಿರಲಿಲ್ಲ. ೧೮೮೦ರ ಈಚೆಗೆ ರಿಕ್ಸ್‌ಫರ್ಡ್ ಎಂಬವರ ಪ್ರಯತ್ನದಿಂದ ಸುಮಾರು ೧೪,೦೦೦ ಸ್ಮಿರ್ನ ಕಡ್ಡಿಗಳು ಕ್ಯಾಲಿಫೋರ್ನಿಯಕ್ಕೆ ಬಂದುವು. ಕಡ್ಡಿಗಳು ಬೇರೂರಿದುವು, ಮರಗಳಾದುವು, ಕಾಯಿಗಳೂ ಕಾಣಿಸಿಕೊಂಡುವು. ಆದರೆ ಗೋಲಿಯ ಗಾತ್ರಕ್ಕೆ ಬರುವಷ್ಟರಲ್ಲಿ ಎಲ್ಲವೂ ಉದುರಿಹೋದುವು. ಸ್ಮಿರ್ನದ ವರ್ತಕರು ಬೇಕೆಂದೇ ಕೆಟ್ಟ ಕಡ್ಡಿಗಳನ್ನು ಕೊಟ್ಟು ಮೋಸಮಾಡಿದರೆಂದು ಅಲ್ಲಿಯ ಬೆಳೆಗಾರರು ಸಂಶಯಪಟ್ಟರು. ನಿಜವೇನೆಂದರೆ ಮೋಸವೇನೂ ನಡೆದಿರಲಿಲ್ಲ. ತಾಯಿಮರವು ಬಂದಿತ್ತು, ಗಂಡುಮರವೂ ಅದರೊಳಗಿನ ಕೀಟವೂ ಬಂದಿರಲಿಲ್ಲ. ಫ್ರೆಸ್ನೋ ಪಟ್ಟಣದ ಜಾರ್ಜ್ ರೋಡಿಂಗ್ ಎಂಬವರು ಪರಾಗವನ್ನು ಕೈಯಿಂದ ಕಾಯೊಳಕ್ಕೆ ಸೇರಿಸಿ ಹಣ್ಣಾಗುವುದನ್ನು ತೋರಿಸಿಕೊಟ್ಟರು. ಕೊನೆಗೆ ಸ್ವಿಂಗಲ್ ಎಂಬ ಸಸ್ಯಶಾಸ್ತ್ರಜ್ಞರು ಆಲ್ಜೀರಿಯದಿಂದ ಕಳುಹಿಸಿದ ಕೀಟಗಳು ೧೮೯೯ರಲ್ಲಿ ಅಲ್ಲಿ ನೆಲೆಗೊಂಡುವು, ಮರಗಳು ಫಲಿಸಿದುವು. ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ರೈತನು ದಾರದಲ್ಲಿ ಪೋಣಿಸಿ ಕಟ್ಟುತ್ತಿದ್ದುದನ್ನು ಅಲಕ್ಷಿಸಿದುದರ ಫಲವು ಹದಿನೇಳು ಹದಿನೆಂಟು ವರ್ಷಗಳ ನಿರಾಶೆ.

ಇದೇ ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ನಥೇನಿಯಲ್ ವಾರ್ಡ್ ಎಂಬ ವೈದ್ಯನು ಗಿಡಗಳ ಸಾಗಣೆಯಲ್ಲಿ ಒಂದು ಕ್ರಾಂತಿಯನ್ನೇ ಮಾಡಿದನು. ೧೮೨೯ರ ಸುಮಾರಿನಲ್ಲಿ ಆತನು ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಡನೆ ಮುಚ್ಚಿದ ಗಾಜಿನ ಸೀಸೆಯಲ್ಲಿಟ್ಟಿದ್ದನು. ಪತಂಗದ ಮಾತು ಹಾಗಿರಲಿ. ಆ ಮಣ್ಣಿನಲ್ಲಿ ಒಂದು ಸಣ್ಣ ಜರಿಗಿಡವೂ ಹುಲ್ಲೂ ತಾವಾಗಿ ಮೊಳೆತು, ನೀರೆರೆಯದೆಯೇ ಬೆಳೆದುವು. ಹಗಲು ಆವಿಯಾಗಿ ಏರಿದ ನೀರು ಗಾಜಿಗೆ ತಗಲಿ ತಂಪಾಗಿ ಮತ್ತೆ ಮಣ್ಣಿಗಿಳಿಯುತ್ತಿದ್ದಿತು. ಇದರಿಂದ ಆತನು ಮುಚ್ಚಿದ ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿ, ೧೮೩೩ರಲ್ಲಿ ಗಿಡಗಳನ್ನು ಹಡಗಿನಲ್ಲಿ ಆಸ್ಟ್ರೇಲಿಯದವರೆಗೆ ಜೀವಸಹಿತ ಕಳುಹಿಸಿದನು. ಮನೆಯೊಳಗೆ ಗಾಜಿನ ಮುಚ್ಚಳದಡಿಯಲ್ಲಿ ಗಿಡವನ್ನು ಬದುಕಿಸಬಹುದೆಂಬ ತಿಳಿವು ಗೃಹಸ್ಥರ ಪಡಸಾಲೆಗಳಿಗೆ ಹರಡಿದುದು ಈ ಪೆಟ್ಟಿಗೆಯಿಂದಲೇ.

೭. ಮನೆಯೊಳಗೆ ಬೇರು ಬರಿಸುವ ಕ್ರಮ

ಅಂಜೂರದ ಕಡ್ಡಿಯನ್ನು ಮನೆಯೊಳಗೆ ಏಕೆ ಇಡಬೇಕು? ಚಳಿದೇಶಗಳಲ್ಲಿ ಕಾರಣವು ಸ್ಪಷ್ಟವಾಗಿದೆ. ಕಡ್ಡಿಯನ್ನು ತೆಗೆಯಲು ಯುಕ್ತವಾದ ಕಾಲವು ಮರವು ಎಲೆಯುದುರಿಸಿ ನಿದ್ರಿಸುವ ಹೇಮಂತ ಶಿಶಿರಗಳು. ಆದರೆ ಆಗ ಹೊರಗಿನ ಮಣ್ಣು ಹೆಪ್ಪುಗಟ್ಟಿರುತ್ತದೆ. ಆದುದರಿಂದ ಒಲೆಯ ಕಾವಿರುವ ಕೋಣೆಯಲ್ಲಿ ಬೇರು ಬರಿಸಿ ವಸಂತದಲ್ಲಿ ಹೊರಗೆ ನೆಡುವರು. ನಮ್ಮಲ್ಲಿ ಕಾರಣವು ಬೇರೆ. ಇಲ್ಲಿ ಶತ್ರುವು ಹಿಮವಲ್ಲ, ಬಿಸಿಲೂ ಒಣಗಾಳಿಯೂ. ಮಾರ್ಗಶಿರ ಪುಷ್ಯಮಾಸಗಳಲ್ಲಿ ಕತ್ತರಿಸಿದ ಕಡ್ಡಿಗೆ ಜಗಲಿಯ ನೆರಳೇ ಆಶ್ರಯ.

ಬೇರು ಹೇಗೆ ಹುಟ್ಟುತ್ತದೆಂಬುದರ ಗುಟ್ಟು ಕಳೆದ ಶತಮಾನದವರೆಗೂ ತಿಳಿದಿರಲಿಲ್ಲ. ೧೮೮೦ರಲ್ಲಿ ಚಾರ್ಲ್ಸ್ ಡಾರ್ವಿನ್ನನೂ ಅವನ ಮಗ ಫ್ರಾನ್ಸಿಸನೂ ಹುಲ್ಲಿನ ಮೊಳಕೆಯು ಬೆಳಕಿನತ್ತ ಬಾಗುವುದನ್ನು ಪರೀಕ್ಷಿಸಿ, ಅದರ ತುದಿಯಿಂದ ಏನೋ ಒಂದು ಪ್ರಭಾವವು ಕೆಳಗಿಳಿಯುತ್ತದೆಂದು ಬರೆದರು. ೧೯೨೦ರ ದಶಕದಲ್ಲಿ ಹಾಲೆಂಡಿನ ವೆಂಟ್ ಎಂಬ ತರುಣನು ಆ ಪ್ರಭಾವವು ಒಂದು ದ್ರವ್ಯವೆಂದು ತೋರಿಸಿದನು. ಅದಕ್ಕೆ ಆಕ್ಸಿನ್ ಎಂದು ಹೆಸರಾಯಿತು. ೧೯೩೪-೩೫ರಲ್ಲಿ ಇದೇ ದ್ರವ್ಯವು ಕತ್ತರಿಸಿದ ಕಾಂಡದಲ್ಲಿ ಬೇರನ್ನು ಹುಟ್ಟಿಸುತ್ತದೆಂದು ಸಿದ್ಧವಾಯಿತು. ಚಿಗುರಿನಲ್ಲಿ ಹುಟ್ಟಿದ ಆಕ್ಸಿನ್ ಕೆಳಮುಖವಾಗಿ ಹರಿದು ಕತ್ತರಿಸಿದ ಬಾಯಲ್ಲಿ ಶೇಖರವಾಗುತ್ತದೆ. ಬೇರು ಕೆಳತುದಿಯಲ್ಲಿಯೇ ಮೂಡುವುದಕ್ಕೆ ಕಾರಣವಿದು. ಆದುದರಿಂದ ಕಡ್ಡಿಯನ್ನು ತಲೆಕೆಳಗಾಗಿ ನೆಡಬಾರದು. ಅದೇ ೧೯೩೫ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಜಿಮರ್‌ಮನ್, ವಿಲ್‌ಕಾಕ್ಸನ್ ಎಂಬವರು ಇದನ್ನು ಹೋಲುವ ಕೃತಕದ್ರವ್ಯಗಳಿಗೂ ಬೇರು ಬರಿಸುವ ಶಕ್ತಿಯಿರುವುದನ್ನು ಕಂಡರು. ಇಂದು ಅಂಗಡಿಗಳಲ್ಲಿ ಪುಡಿಯಾಗಿ ದೊರೆಯುವುದು ಅದೇ. ಅಂಜೂರವು ಸುಲಭವಾಗಿ ಬೇರುಬಿಡುವ ಜಾತಿಯಾದುದರಿಂದ ಅದಿಲ್ಲದಿದ್ದರೂ ಬಾಧಕವಿಲ್ಲ.

ಕ್ರಮವಿಷ್ಟು: ಒಂದು ವರ್ಷ ಬಲಿತ, ಸೀಸದ ಕಡ್ಡಿಯ ದಪ್ಪದ ರೆಂಬೆಯನ್ನು ಒಂದು ಗೇಣಿನ ಉದ್ದಕ್ಕೆ, ಮೂರು ನಾಲ್ಕು ಗಿಣ್ಣುಗಳಿರುವಂತೆ ಕತ್ತರಿಸಬೇಕು. ಕೆಳಗಿನ ಕೊಯ್ತವು ಗಿಣ್ಣಿಗೆ ತೀರ ಸಮೀಪದಲ್ಲಿರಲಿ. ಒಸರುವ ಹಾಲನ್ನು ಒರಸಿ, ಹಿಂಡಿದ ಒದ್ದೆಬಟ್ಟೆಯಲ್ಲಾಗಲಿ ತೆಂಗಿನ ನಾರಿನ ಪುಡಿಯಲ್ಲಾಗಲಿ ಸುತ್ತಿ, ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಬೆಚ್ಚಗಿನ ಎಡೆಯಲ್ಲಿಡಬೇಕು. ೨೦ರಿಂದ ೨೫ ಸೆಂಟಿಗ್ರೇಡಿನ ಕಾವು ಉತ್ತಮ. ಕೆಲವು ದಿನಗಳಿಗೊಮ್ಮೆ ತೆರೆದು ಗಾಳಿಯಾಡಿಸಿ, ಬೂಷ್ಟು ಕಂಡರೆ ತೊಳೆಯಬೇಕು. ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ಬಿಳಿಯ ಬೇರಿನ ಮೊಳೆಗಳು ತೋರುವುವು. ಆಗ ಮರಳು ಬೆರೆಸಿದ ಹಗುರವಾದ ಮಣ್ಣಿನ ಕುಂಡಕ್ಕೆ ಬೇರು ಮುರಿಯದಂತೆ ವರ್ಗಾಯಿಸಿ, ಗಾಜಿನ ಪಾತ್ರೆಯನ್ನು ಕವಿಚಿ, ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಗಾಳಿಗೆ ಅಭ್ಯಾಸಮಾಡಿಸಬೇಕು.

ಇದರಲ್ಲಿ ಜನರು ಸಾಮಾನ್ಯವಾಗಿ ಸೋಲುವುದು ಎರಡೆಡೆಗಳಲ್ಲಿ. ಒಂದನೆಯದು ಅತಿಯಾದ ನೀರು. ಬೇರಿಗೆ ನೀರು ಬೇಕಾದಷ್ಟೇ ಗಾಳಿಯೂ ಬೇಕು. ಕೆಸರಿನಲ್ಲಿ ಉಸಿರುಕಟ್ಟಿದ ಕಡ್ಡಿಯು ಕೊಳೆಯುತ್ತದೆ. ಎರಡನೆಯದು ಚಿಗುರನ್ನು ಕಂಡು ಮೋಸಹೋಗುವುದು. ಕಡ್ಡಿಯೊಳಗೆ ಸಂಗ್ರಹವಾಗ಼ಿರುವ ಆಹಾರದ ಬಲದಿಂದ ಬೇರು ಬರುವ ಮುನ್ನವೇ ಎಲೆಗಳು ಬಿಚ್ಚಿಕೊಳ್ಳುವುದುಂಟು. ಗೃಹಸ್ಥನು ಹಿಗ್ಗಿ, ಗಿಡವು ಹತ್ತಿತೆಂದು ಬಿಸಿಲಿಗಿಡುತ್ತಾನೆ. ಕುಡಿಯಲು ಬೇರಿಲ್ಲದ ಎಲೆಗಳು ಇದ್ದ ನೀರನ್ನೂ ಕಳೆದುಕೊಂಡು ಬಾಡುತ್ತವೆ. ಎಲೆಯು ಸಾಲದಿಂದ ನಡೆಯುವ ಸಂಸಾರ, ಬೇರು ಸಂಪಾದನೆ. ಬಾಲ್ಯದಲ್ಲಿಯೇ ವೇದಿಕೆಯೇರಿ ಚಪ್ಪಾಳೆ ಗಿಟ್ಟಿಸಿ ಮುಂದೆ ಏನೂ ಆಗದೆ ಹೋದ ವಿದ್ಯಾರ್ಥಿಗಳನ್ನು ಕಂಡ ಉಪಾಧ್ಯಾಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

೮. ಅದೇ ಮರವೋ, ಬೇರೆ ಮರವೋ?

ಒಂದು ದೀಪದಿಂದ ಹಚ್ಚಿದ ಮತ್ತೊಂದು ದೀಪವು ಅದೇ ದೀಪವೋ ಬೇರೆಯೋ ಎಂಬ ಚರ್ಚೆಯು ನಮ್ಮ ಶಾಸ್ತ್ರಗಳಲ್ಲಿ ಪ್ರಸಿದ್ಧವಾಗಿದೆ. ಕಡ್ಡಿಯಿಂದ ಬೆಳೆದ ಅಂಜೂರಕ್ಕೂ ಈ ಪ್ರಶ್ನೆಯು ಸಲ್ಲುತ್ತದೆ. ಅದು ತಾಯಿಯ ಮಗಳಲ್ಲ. ತಾಯಿಯ ದೇಹದ ತುಂಡೇ. ಒಂದು ಜಾತಿಯ ಅಂಜೂರವು ಸಾವಿರ ತೋಟಗಳಲ್ಲಿದ್ದರೂ, ಮೂಲದಲ್ಲಿ ಎಲ್ಲವೂ ಎಂದೋ ಒಂದು ದಿನ ಯಾರೋ ಒಬ್ಬರು ರುಚಿನೋಡಿ ಮೆಚ್ಚಿದ ಒಂದೇ ಮರ. ಅಮೆರಿಕದ ಐರಾ ಕಾಂಡಿಟ್ ಎಂಬ ವಿದ್ವಾಂಸರು ೧೯೫೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಆರುನೂರರಷ್ಟು ಜಾತಿಗಳನ್ನು ವರ್ಣಿಸಿರುವರು. ಗುಣವು ಹೀಗೆ ಅಖಂಡವಾಗಿ ಬರುವಂತೆಯೇ ದೋಷವೂ ಬರುತ್ತದೆ. ಎಲೆಗಳಲ್ಲಿ ಹಳದಿಯ ಮಚ್ಚೆಗಳನ್ನು ಉಂಟುಮಾಡುವ ಅಂಜೂರದ ಮೊಸಾಯಿಕ್ ರೋಗವು ಕಡ್ಡಿಯೊಡನೆಯೇ ದೇಶದಿಂದ ದೇಶಕ್ಕೆ ಸಾಗುತ್ತದೆ. ಆದುದರಿಂದ ಕಡ್ಡಿಯನ್ನು ಕೊಡುವವರು ನಿರೋಗವಾದ ಮರದಿಂದ ಕೊಡಬೇಕು.

ಆದರೆ ರೋಗಕ್ಕಿಂತಲೂ ದೊಡ್ಡ ಅಪಾಯವು ಮರವೆ. ಬೀಜವಾದರೆ ಕಣಜದಲ್ಲಿ ಕೆಲವು ವರ್ಷಗಳು ಇದ್ದೀತು. ಹಕ್ಕಿಯು ಒಯ್ದು ಬೇಲಿಯ ಬದಿಯಲ್ಲಿ ಬೀಳಿಸೀತು. ಟೊಳ್ಳುಬೀಜದ ಅಂಜೂರಕ್ಕೆ ಆ ಎರಡನೆಯ ಅವಕಾಶವಿಲ್ಲ. ಕೊನೆಯ ಮರವನ್ನು ಕಡಿದ ದಿನವೇ ಆ ಜಾತಿಯ ಸಾವಿರ ವರ್ಷಗಳ ವಂಶವು ಮುಗಿಯಿತು. ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಮಿನ ಅಂಜೂರವು ಮೈಸೂರು ಸೀಮೆಯಲ್ಲೆಲ್ಲ ಹೆಸರು ಮಾಡಿದ್ದುದನ್ನು ಹಿರಿಯರು ಬಲ್ಲರು. ಮಹಾರಾಷ್ಟ್ರದವರು ತಮ್ಮ ಪುರಂದರದ ಅಂಜೂರಕ್ಕೆ ೨೦೧೬ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ದೊರಕಿಸಿಕೊಂಡರು. ನಮ್ಮ ಹಳೆಯ ಹಿತ್ತಲುಗಳಲ್ಲಿ ಉಳಿದಿರುವ ಮರಗಳಿಗೆ ಮನ್ನಣೆಯು ಬರುವುದೋ ಇಲ್ಲವೋ. ಅಷ್ಟರವರೆಗೆ ಅವು ಬದುಕಿರಬೇಕಷ್ಟೆ. ಮನೆಯ ಪಾಲಾಗುವಾಗ ಹಿತ್ತಲಿನ ಬಾವಿಯನ್ನೂ ಗೋಡೆಯನ್ನೂ ಅಳೆದು ಹಂಚಿಕೊಳ್ಳುವ ನಮ್ಮವರು, ಮರವನ್ನು ಕಡಿಯುವ ಮುನ್ನ ನಾಲ್ಕು ಕಡ್ಡಿಗಳನ್ನು ತೆಗೆದಿಡಲು ಮರೆಯುವರು.

ಮನೆಗೆ ಬಂದ ನೆಂಟರಿಗೆ ಹಣ್ಣನ್ನು ಕೊಟ್ಟರೆ ಅಂದಿನ ದಿನಕ್ಕೆ ತೃಪ್ತಿ. ಕಡ್ಡಿಯನ್ನು ಕೊಟ್ಟರೆ ಅವರ ಮನೆಯಲ್ಲಿ ನಮ್ಮ ಮರವು ಉಳಿಯಿತು. ನಮ್ಮದು ಬಿರುಗಾಳಿಗೆ ಬಿದ್ದರೂ ಅಲ್ಲಿಂದ ಮತ್ತೆ ತರಬಹುದು. ಗಿಲ್ಗಾಲಿನ ಆ ಹೆಸರಿಲ್ಲದ ಜನರಿಂದ ಇಂದಿನವರೆಗೆ ಅಂಜೂರವು ಬದುಕಿಬಂದುದು ಇಂತಹ ಕೊಡುಕೊಳುಗೆಯಿಂದಲ್ಲದೆ ಬೇರೆ ಯಾವ ರಾಜಾಶ್ರಯದಿಂದಲೂ ಅಲ್ಲ. ಯಾರ ಹಿತ್ತಲಿನಲ್ಲಿ ಹಳೆಯ ಅಂಜೂರದ ಮರವಿದೆಯೋ ಅವರು ಮುಂದಿನ ಮಾರ್ಗಶಿರದಲ್ಲಿ ನೆರೆಹೊರೆಯ ನಾಲ್ಕು ಮನೆಗಳಿಗೆ ಒಂದೊಂದು ಗೇಣಿನ ಕಡ್ಡಿಯನ್ನು ಹಂಚಲಿ ಎಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ. ಇತ್ಯಲಮ್.